ತಿಂದ ಬೀಜ ದಕ್ಕುವ ಬಗೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಸಾಮಾನ್ಯವಾಗಿ ವಿಧಿಯ ವಿಪರ್ಯಾಸವನ್ನು ಹೇಳಲು ಬಳಸುವುದುಂಟು. ಆದರೆ ಅದರಲ್ಲಿ ಶರೀರಶಾಸ್ತ್ರದ ಒಂದು ಸತ್ಯವೂ ಅಡಗಿದೆ. ಕಾಳು ಕೈಯಲ್ಲಿದ್ದ ಮಾತ್ರಕ್ಕೆ ಸಾಲದು. ಅದನ್ನು ಒಡೆಯುವ ಸಾಧನವೂ ಬೇಕು. ಒಡೆಯದ ಕಾಳು ಹೊಟ್ಟೆಯನ್ನು ತುಂಬೀತು, ಮೈಗೆ ಹತ್ತಲಾರದು. ತಿಂದದ್ದು ಎಷ್ಟು ಎಂಬುದು ಒಂದು ಲೆಕ್ಕ. ದಕ್ಕಿದ್ದು ಎಷ್ಟು ಎಂಬುದು ಮತ್ತೊಂದು. ಇವೆರಡರ ನಡುವಿನ ಅಂತರವೇ ಇಂದಿನ ಉಪನ್ಯಾಸದ ವಿಷಯ.

ಬೀಜವು ಮನುಷ್ಯನ ಆಹಾರವಾಗಲೆಂದು ರೂಪುಗೊಂಡದ್ದಲ್ಲ. ತಾಯಿಗಿಡವು ತನ್ನ ಮರಿಗೆ ಕಟ್ಟಿಕೊಟ್ಟ ಬುತ್ತಿ ಅದು. ಮೊಳಕೆಯು ಬೇರಿಳಿಸಿ, ಎಲೆ ಬಿಚ್ಚಿ, ಬಿಸಿಲಿನಿಂದ ತನ್ನ ಅನ್ನವನ್ನು ತಾನೇ ಸಿದ್ಧಪಡಿಸಿಕೊಳ್ಳುವವರೆಗೆ ಬೇಕಾಗುವ ಪಿಷ್ಟ, ಪ್ರೋಟೀನು, ಎಣ್ಣೆ ಮತ್ತು ಖನಿಜಗಳು ಅದರಲ್ಲಿ ಸಂಗ್ರಹವಾಗಿರುತ್ತವೆ. ಈ ಬುತ್ತಿಯನ್ನು ಕಾಯುವುದಕ್ಕೆ ಹೊರಗೆ ಗಟ್ಟಿಯಾದ ಸಿಪ್ಪೆ, ಒಳಗೆ ಪ್ರತಿಯೊಂದು ಜೀವಕೋಶದ ಸುತ್ತಲೂ ನಾರಿನ ಗೋಡೆ, ಅದರೊಳಗೆ ತಿನ್ನುವವರ ಜೀರ್ಣಶಕ್ತಿಯನ್ನೇ ತಡೆಯಬಲ್ಲ ರಾಸಾಯನಿಕಗಳು. ಕಬ್ಬೆಕ್ಕು ಕಾಫಿಯ ಹಣ್ಣನ್ನು ತಿನ್ನುತ್ತದೆ. ತಿರುಳು ಅದಕ್ಕೆ ದಕ್ಕುತ್ತದೆ, ಬೀಜ ಇಡಿಯಾಗಿಯೇ ಹೊರಬೀಳುತ್ತದೆ. ಮಂಗಟ್ಟೆ ಹಕ್ಕಿಯು ಕಾಡುಹಣ್ಣುಗಳನ್ನು ನುಂಗಿ, ದೊಡ್ಡ ಬೀಜಗಳನ್ನು ಬೇರೊಂದು ಮರದಡಿ ಕಕ್ಕುತ್ತದೆ. ಅರಗದೆ ಉಳಿದ ಬೀಜವೇ ಕಾಡನ್ನು ಬಿತ್ತುತ್ತದೆ. ಅರಗದಿರುವುದು ಬೀಜದ ದೋಷವಲ್ಲ, ಅದರ ಉದ್ದೇಶ.

ಈ ಕೋಟೆಯನ್ನು ಮನುಷ್ಯನ ದೇಹ ಭೇದಿಸುವ ಕ್ರಮ ಹೀಗಿದೆ. ಮೊದಲ ಪೆಟ್ಟು ಹಲ್ಲಿನದು. ಜೊಲ್ಲಿನಲ್ಲಿರುವ ಕಿಣ್ವವು ಪಿಷ್ಟವನ್ನು ಒಡೆಯಲು ಆರಂಭಿಸುತ್ತದೆ. ಜಠರದ ಆಮ್ಲ ಮತ್ತು ಪೆಪ್ಸಿನ್ ಪ್ರೋಟೀನನ್ನು ತುಂಡರಿಸುತ್ತವೆ. ಮುಖ್ಯ ಕಾರ್ಯ ನಡೆಯುವುದು ಸಣ್ಣ ಕರುಳಿನಲ್ಲಿ. ಅಲ್ಲಿ ಪಿತ್ತರಸವು ಎಣ್ಣೆಯನ್ನು ಸೂಕ್ಷ್ಮ ಹನಿಗಳನ್ನಾಗಿ ಚದುರಿಸುತ್ತದೆ. ಮೇದೋಜೀರಕ ಗ್ರಂಥಿಯ ಕಿಣ್ವಗಳು ಎಣ್ಣೆ, ಪ್ರೋಟೀನು, ಪಿಷ್ಟ ಮೂರನ್ನೂ ಹೀರಿಕೊಳ್ಳಬಹುದಾದಷ್ಟು ಸಣ್ಣ ತುಣುಕುಗಳಾಗಿಸುತ್ತವೆ. ಕರುಳಿನ ಒಳಗೋಡೆಯ ಬೆರಳಿನಾಕಾರದ ಸೂಕ್ಷ್ಮ ಚಾಚುಗಳ ಮೂಲಕ ಸಕ್ಕರೆ ಹಾಗೂ ಅಮೈನೋ ಆಮ್ಲಗಳು ರಕ್ತಕ್ಕೆ ಸೇರಿ ಯಕೃತ್ತಿಗೆ ಸಾಗುತ್ತವೆ. ಕೊಬ್ಬಿನ ಹೆಚ್ಚಿನ ಪಾಲು ದುಗ್ಧರಸನಾಳಗಳ ದಾರಿ ಹಿಡಿಯುತ್ತದೆ.

ಆದರೆ ಒಂದು ಕೊರತೆಯಿದೆ. ಜೀವಕೋಶದ ಗೋಡೆಯಲ್ಲಿರುವ ಸೆಲ್ಯುಲೋಸನ್ನು ಒಡೆಯುವ ಕಿಣ್ವ ಮನುಷ್ಯನಲ್ಲಿಲ್ಲ. ಆದ್ದರಿಂದ ಹಲ್ಲು, ಒರಳು, ಬೀಸುವ ಕಲ್ಲು ಅಥವಾ ಬೆಂಕಿ ತೆರೆಯದ ಜೀವಕೋಶವು ತನ್ನೊಳಗಿನ ಎಣ್ಣೆಯೊಂದಿಗೇ ದೊಡ್ಡ ಕರುಳಿನವರೆಗೆ ಸಾಗುತ್ತದೆ.

ಇದರ ಪ್ರಮಾಣವನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಅಮೆರಿಕದ ಇಬ್ಬರು ಸಂಶೋಧಕರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಶೇಂಗಾವನ್ನು ಮೂರು ರೂಪದಲ್ಲಿ ನೀಡಲಾಗಿತ್ತು. ಇಡಿ ಶೇಂಗಾ ತಿಂದವರಲ್ಲಿ ಕೊಬ್ಬಿನ ಶೇ. 17.8ರಷ್ಟು ಮಲದ ಮೂಲಕ ಹೊರಹೋಯಿತು. ನುಣ್ಣಗೆ ಅರೆದದ್ದನ್ನು ತಿಂದಾಗ ಇದು ಶೇ. 7ಕ್ಕೆ, ಬರಿಯ ಎಣ್ಣೆಯನ್ನು ಸೇವಿಸಿದಾಗ ಶೇ. 4.5ಕ್ಕೆ ಇಳಿಯಿತು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2016ರಲ್ಲಿ ಬಾದಾಮಿಯ ಕುರಿತು ಪ್ರಕಟಿಸಿದ ಲೆಕ್ಕ ಇನ್ನೂ ಸ್ಪಷ್ಟವಾಗಿದೆ: ಇಡಿಯಾದ ಹಸಿ ಬಾದಾಮಿಯ ಒಂದು ಗ್ರಾಮಿನಿಂದ ದೇಹಕ್ಕೆ ದಕ್ಕಿದ್ದು 4.42 ಕ್ಯಾಲೊರಿ, ಹುರಿದದ್ದರಿಂದ 4.86, ಹುರಿದು ಚೂರು ಮಾಡಿದ್ದರಿಂದ 5.04, ಬೆಣ್ಣೆಯಂತೆ ಅರೆದದ್ದರಿಂದ 6.53. ಬೀಜ ಒಂದೇ, ತೂಕ ಒಂದೇ. ಒಡೆದ ಪ್ರಮಾಣ ಮಾತ್ರ ಬೇರೆ.

ಪೊಟ್ಟಣಗಳ ಮೇಲೆ ಅಚ್ಚಾಗುವ ಕ್ಯಾಲೊರಿ ಸಂಖ್ಯೆ ಸಾಮಾನ್ಯವಾಗಿ ಈ ಭೇದವನ್ನು ಗಣಿಸುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಅಟ್ವಾಟರ್ ಎಂಬ ರಸಾಯನಶಾಸ್ತ್ರಜ್ಞರು ಆಹಾರದಲ್ಲಿರುವ ಶಕ್ತಿಯಿಂದ ಹೊರಹೋಗುವ ಶಕ್ತಿಯನ್ನು ಕಳೆದು, ಪಿಷ್ಟ ಮತ್ತು ಪ್ರೋಟೀನಿಗೆ ಗ್ರಾಮಿಗೆ 4, ಕೊಬ್ಬಿಗೆ 9 ಕ್ಯಾಲೊರಿ ಎಂಬ ಸರಾಸರಿಗಳನ್ನು ನಿಗದಿಪಡಿಸಿದರು. ಮಿಶ್ರ ಊಟಕ್ಕೆ ಈ ಸರಾಸರಿ ಉಪಯುಕ್ತವೇ. ಇಡಿ ಬೀಜಕ್ಕೆ ಮಾತ್ರ ಅದು ಸರಿಹೊಂದುವುದಿಲ್ಲ.

ಅರಗದೆ ಮುಂದೆ ಸಾಗಿದ್ದು ವ್ಯರ್ಥವೆಂದು ಭಾವಿಸಬಾರದು. ದೊಡ್ಡ ಕರುಳಿನಲ್ಲಿ ಅಸಂಖ್ಯಾತ ಸೂಕ್ಷ್ಮಾಣುಗಳು ವಾಸವಾಗಿವೆ. ಅವು ನಾರನ್ನೂ ಉಳಿದ ಪಿಷ್ಟವನ್ನೂ ಹುದುಗಿಸಿ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಅವುಗಳಲ್ಲೊಂದಾದ ಬ್ಯುಟಿರೇಟ್ ಕರುಳಿನ ಗೋಡೆಯ ಜೀವಕೋಶಗಳಿಗೇ ಆಹಾರ. ನಾರಿನಿಂದ ಹೀಗೆ ಸಿಗುವ ಶಕ್ತಿ ಗ್ರಾಮಿಗೆ ಸುಮಾರು 2 ಕ್ಯಾಲೊರಿ. ಅವರೆ, ಹುರುಳಿ ತಿಂದಾಗ ಹೊಟ್ಟೆಯಲ್ಲಿ ವಾಯು ತುಂಬುವುದಕ್ಕೂ ಇದೇ ಕಾರಣ. ದ್ವಿದಳ ಧಾನ್ಯಗಳಲ್ಲಿರುವ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಅರಗದೆ ಸೂಕ್ಷ್ಮಾಣುಗಳ ಪಾಲಾಗುತ್ತವೆ. ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರನ್ನು ಚೆಲ್ಲುವ ರೂಢಿಯಿಂದ ಈ ಸಕ್ಕರೆಗಳ ಒಂದು ಪಾಲು ಕಡಿಮೆಯಾಗುತ್ತದೆ. ಮೊಳಕೆ ಬರಿಸಿದರೆ ಇನ್ನಷ್ಟು ಕಡಿಮೆಯಾಗುತ್ತದೆ.

ಬೀಜದ ರಾಸಾಯನಿಕ ಕಾವಲನ್ನು ಮುರಿಯುವುದು ಬೆಂಕಿ. ಹಲಸಿನ ಬೀಜವನ್ನೇ ಗಮನಿಸಿ. ಅದರಲ್ಲಿ ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ ಕಿಣ್ವವನ್ನು ತಡೆಹಿಡಿಯುವ ಅಂಶಗಳಿವೆ. ಜಾಕಲಿನ್ ಎಂಬ ಲೆಕ್ಟಿನ್ ಕೂಡ ಇದೆ. ಕೆಂಡದಲ್ಲಿ ಸುಟ್ಟಾಗ ಅಥವಾ ಹುಳಿಗೆ ಹಾಕಿ ಮೆತ್ತಗೆ ಬೇಯಿಸಿದಾಗ ಇವುಗಳ ಶಕ್ತಿ ಕುಂದುತ್ತದೆ, ಪಿಷ್ಟವೂ ಅರಳಿ ಕಿಣ್ವಗಳಿಗೆ ಎಟಕುತ್ತದೆ. ರಾಜ್ಮಾದ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ತೀವ್ರ ವಾಂತಿ, ಭೇದಿಗಳನ್ನು ಉಂಟುಮಾಡುತ್ತದೆ. ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 30 ನಿಮಿಷ ಕೊತಕೊತನೆ ಕುದಿಸಬೇಕು. ಆದರೆ ಎಲ್ಲ ವಿಷವನ್ನೂ ಬೆಂಕಿ ಗೆಲ್ಲುತ್ತದೆಂದು ನಂಬಿ ಗುರುತಿಲ್ಲದ ಕಾಡುಬೀಜಗಳನ್ನು ತಿನ್ನಬಾರದು. ಗುಲಗಂಜಿಯ ಗಟ್ಟಿ ಸಿಪ್ಪೆಯೊಳಗೆ ಮಾರಕವಾದ ಅಬ್ರಿನ್ ಇದೆ. ಸಿಪ್ಪೆ ಒಡೆದರೆ, ಜಗಿದರೆ ಅದು ಹೊರಬರುತ್ತದೆ. ಮಕ್ಕಳು ಅದನ್ನು ಬಾಯಿಗೆ ಹಾಕಿಕೊಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಈ ತಿಳಿವಳಿಕೆಯಿಂದ ಮಲೆನಾಡಿನ ಮನೆಗೆ ಆಗುವ ಪ್ರಯೋಜನವೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಇದೇ ರಾಜ್ಯದ ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆಯುಳ್ಳ ಹಿರಿಯರೂ ಇದ್ದಾರೆ. ಒಂದೇ ಸೂರಿನಡಿ ಶಕ್ತಿ ಸಾಲದ ಮಗುವೂ ರಕ್ತದಲ್ಲಿ ಸಕ್ಕರೆ ಹೆಚ್ಚಾದ ಅಜ್ಜನೂ ಇರಬಹುದು. ಇಬ್ಬರಿಗೂ ಒಂದೇ ಕಾಳು ಸಾಕು. ಸಿದ್ಧಪಡಿಸುವ ಕ್ರಮ ಮಾತ್ರ ಬೇರೆಯಾಗಬೇಕು.

ಮಗುವಿನ ಪಾಲಿನ ಬೀಜವನ್ನು ಆದಷ್ಟೂ ತೆರೆದು ಕೊಡಬೇಕು. ಅದರ ಹೊಟ್ಟೆ ಚಿಕ್ಕದು, ಹಲ್ಲು ಎಳೆಯದು. ರಾಗಿಯ ಗಂಜಿಯಲ್ಲಿ ಹಿಟ್ಟು ಹೆಚ್ಚಾದರೆ ಅದು ಗಟ್ಟಿಯಾಗಿ ಮಗು ನುಂಗಲಾರದು. ನೀರು ಹೆಚ್ಚಿಸಿದರೆ ಶಕ್ತಿ ತೆಳುವಾಗುತ್ತದೆ. ಈ ಇಕ್ಕಟ್ಟಿಗೆ ಉತ್ತರ ಮೊಳಕೆಯಲ್ಲಿದೆ. ಮೊಳಕೆಯೊಡೆದ ರಾಗಿಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹೇರಳವಾಗಿರುತ್ತದೆ. ವಿದ್ಯಾರ್ಥಿಗಳು ಇದನ್ನು ಶಾಲೆಯಲ್ಲಿಯೇ ಮಾಡಿ ನೋಡಬಹುದು. ಗಟ್ಟಿ ಗಂಜಿಯನ್ನು ಎರಡು ಬಟ್ಟಲುಗಳಿಗೆ ಹಾಕಿ, ಬಿಸಿ ಸ್ವಲ್ಪ ಆರಿದ ಮೇಲೆ ಒಂದಕ್ಕೆ ಮಾತ್ರ ಒಂದು ಚಮಚ ಮೊಳಕೆ ರಾಗಿಯ ಹಿಟ್ಟನ್ನು ಕಲಸಿದರೆ ಕೆಲವೇ ನಿಮಿಷಗಳಲ್ಲಿ ಅದು ನೀರಾಗುತ್ತದೆ. ಮಗುವಿಗೆ ಕೊಡುವಾಗ ಅದನ್ನು ಮತ್ತೊಮ್ಮೆ ಕುದಿಸಬೇಕು. ಹಿಟ್ಟಿನ ಪ್ರಮಾಣವನ್ನು ಕಡಿಮೆ ಮಾಡದೆಯೇ ಕುಡಿಯಬಲ್ಲ ಗಂಜಿ ಹೀಗೆ ಸಿದ್ಧವಾಗುತ್ತದೆ. ಎಳ್ಳು, ಶೇಂಗಾಗಳನ್ನೂ ಹುರಿದು ಪುಡಿ ಮಾಡಿಯೇ ಬೆರೆಸಬೇಕು. ಇಡಿ ಶೇಂಗಾ ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ರಕ್ತಹೀನತೆಗೂ ಇಲ್ಲಿ ಸಂಬಂಧವಿದೆ. ಬೀಜದಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣ, ಸತುಗಳನ್ನು ಬಿಗಿಹಿಡಿಯುತ್ತದೆ. ಮೊಳಕೆ ಬರಿಸುವುದು, ಹುದುಗಿಸುವುದು ಈ ಹಿಡಿತವನ್ನು ಸಡಿಲಿಸುತ್ತವೆ. ಊಟದೊಂದಿಗೆ ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣ ಹೆಚ್ಚು ದಕ್ಕುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ, ಕಾಫಿಗಳಿಂದ ಕಡಿಮೆ ದಕ್ಕುತ್ತದೆ. ಕಾಫಿಯ ನಾಡಿನಲ್ಲಿ ಈ ಮಾತು ಕಹಿಯೆನಿಸಿದರೂ ಒಂದೆರಡು ಗಂಟೆ ತಡೆದು ಕುಡಿಯುವುದು ಕಷ್ಟದ ಕೆಲಸವೇನಲ್ಲ.

ಹಿರಿಯರ ಬಟ್ಟಲಿನ ಕ್ರಮ ಇದಕ್ಕೆ ವಿರುದ್ಧವಾದುದು. ಇಡಿಯಾಗಿ ಬೆಂದ ಕಡಲೆ, ಹುರುಳಿಗಳಲ್ಲಿ ಬಹಳಷ್ಟು ಜೀವಕೋಶಗಳ ಗೋಡೆ ಉಳಿದಿರುತ್ತದೆ. ಒಳಗಿನ ಪಿಷ್ಟವು ನಿಧಾನವಾಗಿ ಹೊರಬರುವುದರಿಂದ ರಕ್ತದ ಸಕ್ಕರೆಯೂ ನಿಧಾನವಾಗಿಯೇ ಏರುತ್ತದೆ. ಅದೇ ಕಾಳನ್ನು ನುಣ್ಣನೆಯ ಹಿಟ್ಟಾಗಿಸಿದರೆ ಏರಿಕೆ ತೀವ್ರವಾಗುತ್ತದೆ. ಹಲ್ಲು ಗಟ್ಟಿಯಿರುವ ಹಿರಿಯರಿಗೆ ಉಸಲಿಯೇ ಮೇಲು. ಹಲ್ಲಿಲ್ಲದವರಿಗೆ ಮೆತ್ತಗೆ ಬೆಂದ ಕಾಳನ್ನು ಒರಟಾಗಿ ಕಿವುಚಿ ಕೊಡಬಹುದು.

ಅಂಗಡಿಯ ಬಿಸ್ಕತ್ತು ಈ ಎರಡು ಬಟ್ಟಲುಗಳ ಭೇದವನ್ನು ಅರಿಯದು. ಸಿಪ್ಪೆ, ತೌಡು, ಮೊಳಕೆಯ ಭಾಗ ಎಲ್ಲವನ್ನೂ ಕಳೆದುಕೊಂಡ ಮೈದಾ ಹಿಟ್ಟು ಎಲ್ಲರ ಹೊಟ್ಟೆಯಲ್ಲಿಯೂ ಬೇಗನೆ ಕರಗುತ್ತದೆ. ಮಗುವಿಗೆ ಬೇಕಾದ ಕಬ್ಬಿಣವೂ ಅದರಲ್ಲಿ ಸಾಕಷ್ಟಿಲ್ಲ, ಅಜ್ಜನಿಗೆ ಬೇಕಾದ ನಾರೂ ಇಲ್ಲ. ಅದನ್ನು ಹಣ ಕೊಟ್ಟು ತರುವ ಊರಿನಲ್ಲಿಯೇ ಒಂದೊಂದರೊಳಗೂ ಹತ್ತಾರು ಬೀಜಗಳಿರುವ ಹಲಸಿನ ಹಣ್ಣುಗಳು ಮರದಡಿ ಬಿದ್ದು ಕೊಳೆಯುವುದನ್ನು ಕಾಣಬಹುದು. ಕೆಮ್ಮಣ್ಣು ಸವರಿ ಹಲಸಿನ ಬೀಜವನ್ನು ಮಳೆಗಾಲಕ್ಕೆ ಕಾದಿಡುತ್ತಿದ್ದ ಕೈಗಳು ಇನ್ನೂ ಊರಿನಲ್ಲಿವೆ. ಒರಳು ಮೂಲೆ ಸೇರಿದ್ದರೂ ಒಡೆದಿಲ್ಲ. ಯಾವ ಬೀಜವನ್ನು ಎಷ್ಟು ನೆನೆಸಬೇಕು, ಎಷ್ಟು ಹುರಿಯಬೇಕು, ಯಾರಿಗೆ ಹೇಗೆ ಬಡಿಸಬೇಕು ಎಂಬ ವಿವರಗಳನ್ನು ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ತಂತಮ್ಮ ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಲಿ. ಬೀಜವನ್ನು ಕಾಪಾಡುವುದರಷ್ಟೇ ಅದನ್ನು ದಕ್ಕಿಸಿಕೊಳ್ಳುವ ವಿದ್ಯೆಯನ್ನು ಕಾಪಾಡುವುದೂ ಅಗತ್ಯವಾಗಿದೆ.