ಅಂಚೆಯಲ್ಲಿ ಅದಲು ಬದಲು

ಈ ಉಪನ್ಯಾಸ ಮಾಲೆಯಲ್ಲಿ ವಚನ, ಶಾಸನ, ಸಂಗೀತ ಎಂದು ತೂಕದ ವಿಷಯಗಳೇ ಬಂದು ಹೋಗಿವೆ. ನನ್ನದು ಇಸ್ಪೀಟ್ ಎಲೆಯಷ್ಟು ದೊಡ್ಡ ವಿಷಯ. ವಿನಯಕ್ಕೆ ಹೇಳುತ್ತಿಲ್ಲ, ಅಳತೆಯೇ ಅಷ್ಟು: 2.5 ಇಂಚು ಅಗಲ, 3.5 ಇಂಚು ಉದ್ದ. ಈ ಅಳತೆಯ ಪುಟ್ಟ ಕಲಾಕೃತಿಗೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಎನ್ನುತ್ತಾರೆ. ಕೈಯಲ್ಲೇ ಮಾಡಿ, ಮುಖ ನೋಡದವರ ಜೊತೆ ಅಂಚೆಯಲ್ಲಿ ಅದಲು ಬದಲು ಮಾಡಿಕೊಳ್ಳುವ ಹುಚ್ಚು ಈ ಶತಮಾನದ ಮೊದಲ ಹತ್ತು ವರ್ಷ ಬಹಳ ಜೋರಾಗಿತ್ತು. ಆ ಹುಚ್ಚು ಹತ್ತಿಸಿಕೊಂಡವರಲ್ಲಿ ನಾನೂ ಒಬ್ಬಳು.

ಇದು ಶುರುವಾದದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, 1997ರಲ್ಲಿ. ವಾಂಚಿ ಸ್ಟಿರ್ನೆಮನ್ ಎಂಬ ಕಲಾವಿದ ಅಲ್ಲಿ ಹಳೆಯ ಪುಸ್ತಕದ ಅಂಗಡಿ ನಡೆಸುತ್ತಿದ್ದ. ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಹುಡುಗರು ವಿನಿಮಯ ಮಾಡಿಕೊಳ್ಳುತ್ತಾರಲ್ಲ, ಅದೇ ಅಳತೆಯ 1,200 ಕಾರ್ಡುಗಳನ್ನು ಕೈಯಲ್ಲೇ ಮಾಡಿ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ. ಪ್ರದರ್ಶನದ ಕೊನೆಯ ದಿನ, ಯಾರು ಬೇಕಾದರೂ ತಮ್ಮ ಕಾರ್ಡು ಮಾಡಿ ತಂದು ಬದಲಾಯಿಸಿಕೊಳ್ಳಬಹುದು ಎಂದು ಕರೆ ಕೊಟ್ಟ. ದುಡ್ಡಿನ ಮಾತಿಲ್ಲ. ಕಾರ್ಡಿಗೆ ಕಾರ್ಡು. ಅದೇ ವರ್ಷ ಡಾನ್ ಮೇಬಿ ಎಂಬ ಕಲಾವಿದ ಕೆನಡಾದ ಕ್ಯಾಲ್ಗರಿಯಲ್ಲೂ ಇಂಥ ಕೂಟಗಳನ್ನು ಶುರುಮಾಡಿದ.

ಅಂಚೆಯಲ್ಲಿ ಕಲೆ ಕಳಿಸುವವರು ಅದಕ್ಕೆ ಮುಂಚೆಯೂ ಇದ್ದರು. ನ್ಯೂಯಾರ್ಕಿನ ರೇ ಜಾನ್ಸನ್ ಕೊಲಾಜ್ ತುಂಡುಗಳನ್ನು ಲಕೋಟೆಗೆ ಹಾಕಿ, ಇದಕ್ಕೆ ಏನಾದರೂ ಸೇರಿಸಿ ವಾಪಸು ಕಳಿಸಿ ಎಂದು ಪರಿಚಿತರಿಗೂ ಅಪರಿಚಿತರಿಗೂ ಕಳಿಸುತ್ತಿದ್ದ. 1970ರಲ್ಲಿ ವಿಟ್ನಿ ಮ್ಯೂಸಿಯಂ ಅವನ ಬಳಗದ ಅಂಚೆಯನ್ನೇ ಪ್ರದರ್ಶನಕ್ಕಿಟ್ಟಿತು. ಆದರೆ ಆ ಬಳಗ ಬಹುಮಟ್ಟಿಗೆ ಕಲಾವಿದರದ್ದೇ. ಸ್ಟಿರ್ನೆಮನ್ ಅಳತೆ ಗೊತ್ತುಮಾಡಿದ್ದರಿಂದ ಬಾಗಿಲು ಎಲ್ಲರಿಗೂ ತೆರೆಯಿತು. ದೊಡ್ಡ ಕ್ಯಾನ್ವಾಸ್ ನೋಡಿ ಹೆದರುವ ಹೆಂಗಸೂ ಅಂಗೈಯಷ್ಟು ರಟ್ಟಿಗೆ ಹೆದರುವುದಿಲ್ಲ. ಒಂದು ಎ-4 ಹಾಳೆಯಲ್ಲಿ ಸರಿಯಾಗಿ 9 ಕಾರ್ಡು ಬರುತ್ತವೆ. ಅವನ್ನು ಇಡುವ ಪ್ಲಾಸ್ಟಿಕ್ ಹಾಳೆಯಲ್ಲೂ 9 ಜೇಬು. ಇಂಟರ್ನೆಟ್ ಮನೆಮನೆಗೆ ಬಂದು ಅಪರಿಚಿತರ ವಿಳಾಸ ಸಿಗತೊಡಗಿದಾಗ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದ ಅಡುಗೆಮನೆ ಮೇಜುಗಳ ಮೇಲೆ ಕತ್ತರಿ, ಅಂಟು, ರಬ್ಬರ್ ಸ್ಟಾಂಪು ಹರಡಿಕೊಂಡವು.

ವ್ಯವಹಾರ ನಡೆಯುತ್ತಿದ್ದ ರೀತಿ ಹೇಳುತ್ತೇನೆ. ಒಬ್ಬಳು ಹೋಸ್ಟೆಸ್. ‘ಪತಂಗ’ ಎಂದೋ ‘ನೀಲಿ’ ಎಂದೋ ವಸ್ತು ಕೊಟ್ಟು, ಕೊನೆಯ ತಾರೀಖು ಸಾರುತ್ತಾಳೆ. ಹತ್ತು ಜನ ಸೇರಿದರು ಅನ್ನಿ. ಪ್ರತಿಯೊಬ್ಬರೂ ಹತ್ತು ಹತ್ತು ಕಾರ್ಡು ಮಾಡಿ, ತಮ್ಮದೇ ವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆಯ ಸಮೇತ ಅವಳಿಗೆ ಕಳಿಸಬೇಕು. ಅವಳು ನೂರು ಕಾರ್ಡನ್ನು ನೆಲದ ಮೇಲೆ ಹರಡಿ, ಹಂಚಿ, ಒಬ್ಬೊಬ್ಬರಿಗೂ ಹತ್ತು ಕೈಗಳ ಹತ್ತು ಕಾರ್ಡು ಸಿಗುವಂತೆ ವಾಪಸು ಕಳಿಸುತ್ತಾಳೆ. ಅವಳು ಅಮೆರಿಕದವಳಾದರೆ ಹೊರದೇಶದವರು ಅಲ್ಲಿನ ಸ್ಟಾಂಪು ಎಲ್ಲಿಂದ ತರಬೇಕು? ಡಾಲರ್ ನೋಟು ಮಡಚಿ ಇಡುವುದು, ಅವಳಿಗೆ ಇಷ್ಟವಾಗುವ ಕಾಗದ ಇಡುವುದು, ಹೀಗೆ ಏನೋ ಒಂದು ಹೊಂದಾಣಿಕೆ.

ನಾವು ಇಲ್ಲಿಂದ ಕಳಿಸುತ್ತಿದ್ದ ಚೂರುಪಾರುಗಳಿಗೆ ಅಲ್ಲಿ ಇದ್ದ ಬೇಡಿಕೆ ಹೇಳಿದರೆ ನಗುತ್ತೀರಿ. ಬಸ್ ಟಿಕೆಟ್ಟು, ಬೆಂಕಿಪೊಟ್ಟಣದ ಚಿತ್ರ, ಮದುವೆ ಕಾಗದದ ಗಣಪತಿ, ಕನ್ನಡ ಪತ್ರಿಕೆಯ ಹಾಳೆ. ನನ್ನ ಕೈಯಲ್ಲಿರುವ ಈ ಕಾರ್ಡು ನೋಡಿ, ಆಮೇಲೆ ಮುಂದಿನ ಸಾಲಿಗೆ ಕೊಡುತ್ತೇನೆ. ತಳಕ್ಕೆ ತಿಂಡಿ ಡಬ್ಬಿಯ ರಟ್ಟು. ಸುತ್ತ ಹೊಲಿಗೆ ಯಂತ್ರದ ಕೆಂಪು ಟಾಕು, ಒಂದು ಮೂಲೆಯಲ್ಲಿ ದಾರ ಕಿತ್ತುಕೊಂಡಿದೆ. ನಡುವೆ ರಬ್ಬರ್ ಸ್ಟಾಂಪಿನಲ್ಲಿ ಒತ್ತಿದ ಪತಂಗ, ರೆಕ್ಕೆಗೆ ಚಿನ್ನದ ಶಾಯಿ. ಪತಂಗದ ಹಿಂದೆ ನಾನೇ ಕಳಿಸಿದ್ದ ಪತ್ರಿಕೆಯ ಚೂರು, ತಲೆಕೆಳಗಾಗಿ: ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ. ರಾಶಿ, ಬೆಟ್ಟೆ, ಗೊರಬಲು ಎಂದು ಚೆನ್ನಾಗಿಯೇ ಓದಬಹುದು. ಅಂಟಿಸಿದಾಕೆಗೆ ಅದು ಬರೀ ದುಂಡನೆಯ ಅಂದದ ಅಕ್ಷರ. ಹಿಂಬದಿಯಲ್ಲಿ ಹೆಸರು, ಊರು, ತಾರೀಖು, ಹತ್ತರಲ್ಲಿ ನಾಲ್ಕನೆಯದು ಎಂಬ ಗುರುತು. ಇಷ್ಟನ್ನು ಬರೆಯದೆ ಬಿಟ್ಟರೆ ಹೋಸ್ಟೆಸ್ ಬಿಡುತ್ತಿರಲಿಲ್ಲ.

ಆ ಕಾಲದವರು ಈಗ ಸಿಕ್ಕರೆ, ಎಂಥ ಪ್ರೀತಿ, ಎಂಥ ನಂಬಿಕೆ ಎಂದು ಹಳಹಳಿಸುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಪ್ರೀತಿ ಇತ್ತು, ಸರಿ. ಆದರೆ ಅದನ್ನು ಉಳಿಸಿದ್ದು ಲೆಕ್ಕ. ನಮ್ಮ ಮದುವೆಮನೆಯಲ್ಲಿ ಮುಯ್ಯಿ ಬರೆದುಕೊಳ್ಳಲು ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರಲ್ಲ, ಆ ಹೋಸ್ಟೆಸ್ ಹಾಗೆ ಕೂತವಳು. ಯಾರದು ಬಂತು, ಯಾರದು ತಡ, ಯಾರು ಪಡೆದುಕೊಂಡು ಕಳಿಸಲಿಲ್ಲ, ಎಲ್ಲ ಅವಳ ಬಳಿ ಬರೆದಿತ್ತು. ಕೈಕೊಟ್ಟವರಿಗೆ ‘ಫ್ಲೇಕರ್’ ಎಂಬ ಹೆಸರು ಅಂಟುತ್ತಿತ್ತು, ಮುಂದಿನ ಸಲ ಅವರನ್ನು ಸೇರಿಸುತ್ತಿರಲಿಲ್ಲ. ಮೋಸಹೋದವರಿಗೆ ತಮ್ಮ ಕೈಯಿಂದ ಮಾಡಿ ಕಳಿಸಲು ಮುಂದೆ ಬರುತ್ತಿದ್ದವರು ‘ಸ್ವಾಪ್ ಏಂಜೆಲ್’. ನಂಬಿಕೆ ಇಷ್ಟು ಕಾವಲಿನಲ್ಲಿ ಬೆಳೆದಿತ್ತು. ಇದರಿಂದ ಅದರ ಬೆಲೆ ಕಡಿಮೆಯಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಮುಯ್ಯಿ ಬರೆದಿಟ್ಟ ಮಾತ್ರಕ್ಕೆ ನೆಂಟಸ್ತನ ಸುಳ್ಳಾಗುತ್ತದೆಯೇ?

ಈ ಕಾವಲಿಗೂ ಮೀರಿದ್ದು ರೌಂಡ್ ರಾಬಿನ್, ಅಂದರೆ ಪುಸ್ತಕಗಳು ಕೈಯಿಂದ ಕೈಗೆ ಸುತ್ತುವ ಆಟ. ಲಂಡನ್ನಿನ ಟಾಮ್ ಫಿಲಿಪ್ಸ್ 1966ರಲ್ಲಿ ಮೂರು ಪೆನ್ನಿಗೆ ಹಳೆಯ ಕಾದಂಬರಿಯೊಂದನ್ನು ಕೊಂಡು, ಅದರ ಪುಟಗಳ ಮೇಲೆಯೇ ಬಣ್ಣ ಬಳಿದು, ಅಲ್ಲಲ್ಲಿ ಒಂದೊಂದು ಪದ ಉಳಿಸಿ, ಹೊಸ ಕಥೆ ಕಟ್ಟಿದ. ಐವತ್ತು ವರ್ಷ ಅದೇ ಪುಸ್ತಕ ತಿದ್ದಿದ. ಅಂಥ ಕೆಲಸವನ್ನು ನಮ್ಮ ಕಾರ್ಡಿನ ಬಳಗದವರು ಸರದಿಯಲ್ಲಿ ಮಾಡುತ್ತಿದ್ದರು. ನನ್ನ ಪುಸ್ತಕ ನಿಮಗೆ, ನಿಮ್ಮದು ಅವರಿಗೆ, ಒಬ್ಬೊಬ್ಬರದು ಎರಡೆರಡು ಪುಟ, ಸುತ್ತು ಮುಗಿದ ಮೇಲೆ ಎಲ್ಲರ ಪುಸ್ತಕವೂ ಮನೆಗೆ. ನಡುವೆ ಒಬ್ಬರಿಗೆ ಹೆರಿಗೆಯಾದರೂ ಮನೆ ಬದಲಾದರೂ ಪುಸ್ತಕ ಅಲ್ಲೇ ನಿಂತುಬಿಡುತ್ತಿತ್ತು. ನನ್ನ ಒಂದು ಪುಸ್ತಕ ಇನ್ನೂ ಯಾರದೋ ಅಟ್ಟದ ಮೇಲಿದೆ. ಇರಲಿ.

ಈ ಹುಚ್ಚು ಏಕೆ ಇಳಿಯಿತು? ಕೆಲವರು ಇದೇ ಅಳತೆಯ ಕಾರ್ಡನ್ನು ಇ-ಬೇ ಹರಾಜಿಗೆ ಇಟ್ಟರು. ಬೆಲೆ ಕಟ್ಟಿದ ಕೂಡಲೇ ಚೆನ್ನಾಗಿ ಚಿತ್ರ ಬರೆಯುವವರು ಒಂದು ಕಡೆ, ಉಳಿದವರು ಇನ್ನೊಂದು ಕಡೆ ಆದರು. ನನ್ನ ಪ್ರಕಾರ ದೊಡ್ಡ ಪೆಟ್ಟು ಇದೇ. ಜೊತೆಗೆ ಅಂಚೆ. 2007ರ ಮೇ ತಿಂಗಳಲ್ಲಿ ಅಮೆರಿಕದ ಅಂಚೆ ಇಲಾಖೆ ಹಡಗಿನ ಅಗ್ಗದ ವಿದೇಶಿ ಟಪಾಲು ನಿಲ್ಲಿಸಿತು. ಅಲ್ಲಿನ ಲೆಕ್ಕದಲ್ಲಿ ಕಾಲು ಇಂಚು ದಪ್ಪ ಮೀರಿದ್ದು ಕಾಗದವೇ ಅಲ್ಲ. ಒಂದು ಗುಂಡಿ ಅಂಟಿಸಿದರೂ ದರ ಏರುತ್ತದೆ. ಡೆನ್ಮಾರ್ಕಿನ ಅಂಚೆಯಂತೂ 2025ರ ಕೊನೆಗೆ ಕಾಗದ ಹಂಚುವುದನ್ನೇ ಬಿಟ್ಟಿತು. ಫೋನಿನಲ್ಲಿ ಚಿತ್ರ ತೋರಿಸಿ ಮೆಚ್ಚುಗೆ ಪಡೆಯುವುದು ಸುಲಭವಾದ ಮೇಲೆ ಕಾರ್ಡು ಕೊಟ್ಟುಬಿಡಲು ಕೈ ಬರಲಿಲ್ಲ.

ಪೂರ್ತಿ ಮುಗಿದಿಲ್ಲ. 2005ರಲ್ಲಿ ಪೋರ್ಚುಗಲ್ಲಿನ ಪಾವ್ಲೊ ಮಗಲ್ಯಾಯಿಸ್ ಶುರುಮಾಡಿದ ಪೋಸ್ಟ್‌ಕ್ರಾಸಿಂಗ್, ಅಂದರೆ ಅಪರಿಚಿತರ ನಡುವಿನ ಪೋಸ್ಟ್‌ಕಾರ್ಡ್ ವಿನಿಮಯ, ಇಂದಿಗೂ ನಡೆಯುತ್ತಿದೆ. ಒಳ್ಳೆಯ ಕೆಲಸ. ಆದರೆ ಅಲ್ಲಿ ಓಡಾಡುವುದು ಹೆಚ್ಚಾಗಿ ಅಂಗಡಿಯಲ್ಲಿ ಕೊಂಡ ಕಾರ್ಡು.

ಬಾಗಿಲ ಬಳಿಯ ಮೇಜಿನ ಮೇಲೆ ಹಳೆಯ ಮದುವೆ ಕಾಗದಗಳಿಂದ ಇದೇ ಅಳತೆಗೆ ಕತ್ತರಿಸಿದ ರಟ್ಟುಗಳಿವೆ. ಹೋಗುವಾಗ ಒಬ್ಬೊಬ್ಬರು ಎರಡೆರಡು ಒಯ್ಯಿರಿ. ಚಿತ್ರ ಬರೆಯಲು ಬಾರದಿದ್ದರೆ ಅಂಟಿಸಿ, ಹೊಲಿಯಿರಿ. ಹಿಂದೆ ಹೆಸರು, ಊರು, ತಾರೀಖು ಬರೆದು ಮುಂದಿನ ಉಪನ್ಯಾಸಕ್ಕೆ ತನ್ನಿ, ಬದಲಾಯಿಸಿಕೊಳ್ಳೋಣ. ನೋಟ್‌ಬುಕ್ ಹಿಡಿದು ನಾನು ಕೂತಿರುತ್ತೇನೆ. ಒಯ್ದು ತಾರದವರ ಹೆಸರನ್ನು ಖಂಡಿತ ಬರೆದುಕೊಳ್ಳುತ್ತೇನೆ.