ಕೊಳೆನೀರನ್ನು ತಿಳಿಗೊಳಿಸುವ ಕಾಣದ ಜೀವಿಗಳು

(ಭಾಷಣದ ಪಾಠ)



ನಂಜನಗೂಡು ತಾಲ್ಲೂಕಿನ ತಾಂಡ್ಯದಲ್ಲಿ ಕೈಗಾರಿಕಾ ಪ್ರದೇಶವಿದೆ. ಸುತ್ತಮುತ್ತ ಬೇಸಾಯದ ಭೂಮಿಯೂ ಇದೆ. ನಂಜನಗೂಡನ್ನು ಹಾದು ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆದ್ದರಿಂದ ಈ ಭಾಗದ ಕಾರ್ಖಾನೆ ಮತ್ತು ಊರುಗಳು ಬಳಸಿದ ನೀರು ಯಾವ ಸ್ಥಿತಿಯಲ್ಲಿ ಹೊರಬೀಳುತ್ತದೆ ಎಂಬುದು ನಂಜನಗೂಡಿನ ರೈತರಿಗೆ ಎಷ್ಟು ಮುಖ್ಯವೋ ತಿ. ನರಸೀಪುರದ ರೈತರಿಗೂ ಅಷ್ಟೇ ಮುಖ್ಯ.

ಈ ನೀರನ್ನು ಯಂತ್ರಗಳು ಶುದ್ಧಿ ಮಾಡುತ್ತವೆಂದು ಅನೇಕರ ಭಾವನೆ. ಯಂತ್ರ ನೀರನ್ನೆತ್ತುತ್ತದೆ, ಗಾಳಿ ಊದುತ್ತದೆ, ಅಷ್ಟೆ. ಕೊಳೆಯನ್ನು ತಿಂದು ತೀರಿಸುವವು ಕಣ್ಣಿಗೆ ಕಾಣದ ಜೀವಿಗಳು. ದನಕರುಗಳಂತೆ ಇವಕ್ಕೂ ಮೇವು ಬೇಕು, ಗಾಳಿ ಬೇಕು; ವಿಷ ಬಿದ್ದರೆ ಇವೂ ಸಾಯುತ್ತವೆ. ಇವುಗಳ ಶಕ್ತಿಯೆಷ್ಟು, ಮಿತಿಯೆಷ್ಟು ಎಂದು ತಿಳಿದ ರೈತ ಅಂಥ ನೀರನ್ನು ಹೊಲಕ್ಕೆ ಹಾಯಿಸುವ ಮುನ್ನ ಏನನ್ನು ವಿಚಾರಿಸಬೇಕೆಂಬುದನ್ನೂ ಬಲ್ಲ.

1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡನ್ ಮತ್ತು ಲಾಕೆಟ್ ಎಂಬುವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೊಳಚೆ ನೀರಿಗೆ ಗಾಳಿ ಊದಿ, ತಳಕ್ಕೆ ಕೂತ ಕೆಸರನ್ನು ಚೆಲ್ಲದೆ ಅದರ ಮೇಲೆಯೇ ಹೊಸ ಕೊಳಚೆ ನೀರನ್ನು ಹಾಕಿದರು. ಮೊದಲು ವಾರಗಟ್ಟಲೆ ಹಿಡಿಯುತ್ತಿದ್ದ ಶುದ್ಧಿ ಗಂಟೆಗಳಲ್ಲಿ ಮುಗಿಯಿತು. ಹಾಲಿಗೆ ಹೆಪ್ಪು ಹಾಕುವ ಗೃಹಿಣಿಗೆ ಇದರ ಗುಟ್ಟನ್ನು ಬೇರೆ ಹೇಳಬೇಕಾಗಿಲ್ಲ. ಆ ಕೆಸರು ಜೀವಿಗಳಿಂದ ತುಂಬಿದ ಹೆಪ್ಪು. ಇದಕ್ಕೆ ಸಕ್ರಿಯ ಕೆಸರು ಎಂದು ಹೆಸರು. ಈ ಕೆಲಸಕ್ಕೆ ಪ್ರೇರಣೆಯಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದರು.

ಈ ಕೆಸರಿನಲ್ಲಿ ಮೊದಲ ದುಡಿಮೆ ಬ್ಯಾಕ್ಟೀರಿಯಾಗಳದು. ನೀರಿನಲ್ಲಿ ಕರಗಿದ ಸಾವಯವ ಕೊಳೆಯನ್ನು ತಿಂದು, ಅಂಟಂಟಾಗಿ ಒಂದಕ್ಕೊಂದು ಕೂಡಿಕೊಂಡು ಇವು ಚಿಕ್ಕ ಚಿಕ್ಕ ಉಂಡೆಗಳಾಗುತ್ತವೆ. ಉಂಡೆ ತಳಕ್ಕೆ ಕೂತರೆ ಮೇಲೆ ತಿಳಿನೀರು ನಿಲ್ಲುತ್ತದೆ. ನೂಲಿನಂತೆ ಬೆಳೆಯುವ ಬ್ಯಾಕ್ಟೀರಿಯಾ ಮಿತಿಮೀರಿದರೆ ಉಂಡೆ ಹಗುರವಾಗಿ ಕೆಳಗೆ ಕೂರುವುದಿಲ್ಲ. ಕೆಸರು ನೀರಿನೊಡನೆ ಹೊರಕ್ಕೆ ಹೋಗುತ್ತದೆ. ಹೊಲದ ಮಣ್ಣಿನಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬಗೆಯ ಬ್ಯಾಕ್ಟೀರಿಯಾಗಳು ಇಲ್ಲಿಯೂ ಇವೆ.

ಎರಡನೆಯವು ಪ್ರೋಟೋಜೋವಾ ಎಂಬ ಏಕಕೋಶ ಜೀವಿಗಳು. ಇವುಗಳಲ್ಲಿ ವೋರ್ಟಿಸೆಲ್ಲಾ ಎಂಬುದು ತೊಟ್ಟಿನ ಮೇಲಿಟ್ಟ ಗಂಟೆಯಂತಿದ್ದು, ಬಾಯ ಸುತ್ತಲಿನ ಕೂದಲನ್ನು ಆಡಿಸಿ ಬಿಡಿಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾಗಳನ್ನು ಸೆಳೆದು ತಿನ್ನುತ್ತದೆ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ ಅವರು 1942ರಲ್ಲೇ ಶುದ್ಧೀಕರಣದಲ್ಲಿ ಇವುಗಳ ಪಾತ್ರ ದೊಡ್ಡದೆಂದು ವಾದಿಸಿದರು. ಮುಂದೆ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರಾದವರು ಇದೇ ಸುಬ್ರಹ್ಮಣ್ಯನ್. ಕೊಳೆಯನ್ನು ಒಡೆಯುವ ಮುಖ್ಯ ಕೆಲಸ ಬ್ಯಾಕ್ಟೀರಿಯಾಗಳದೇ ಎಂದು ಅನಂತರದ ಸಂಶೋಧನೆ ಹೇಳಿತಾದರೂ, ಪ್ರೋಟೋಜೋವಾ ಇಲ್ಲದ ತೊಟ್ಟಿಯ ನೀರು ಕದಡಿಯೇ ಉಳಿಯುತ್ತದೆಂಬುದೂ ಪ್ರಯೋಗಗಳಿಂದ ಸ್ಥಿರಪಟ್ಟಿತು.

ಪಾಚಿಗಳಿಂದಲೂ ಕೆಲಸ ಪಡೆಯಬಹುದು. ಮೈಸೂರಿನಲ್ಲಿ ದಿನಕ್ಕೆ 67.65 ದಶಲಕ್ಷ ಲೀಟರ್ ಸಾಮರ್ಥ್ಯದ ಹೊಂಡಗಳಲ್ಲಿ ಊರಿನ ಕೊಳಚೆ ನೀರನ್ನು ನಿಲ್ಲಿಸಿ ಶುದ್ಧಿ ಮಾಡುವ ವ್ಯವಸ್ಥೆಯನ್ನು ವಿಜ್ಞಾನ ಮಂದಿರದವರು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 14 ದಿನ ನಿಂತ ನೀರಿನ ಬಿ.ಒ.ಡಿ. ಶೇಕಡ 82ರಷ್ಟು ಇಳಿದಿತ್ತು. ಆದರೆ ಅಮೋನಿಯಾ ರೂಪದ ಸಾರಜನಕ ಇಳಿದದ್ದು ಶೇಕಡ 18 ಮಾತ್ರ. ಬಿ.ಒ.ಡಿ. ಎಂದರೆ ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಜೀವಿಗಳು ಬಳಸುವ ಆಮ್ಲಜನಕದ ಅಳತೆ. ಅದು ಹೆಚ್ಚಿದಷ್ಟೂ ನೀರು ಹೊಲಸು.

ಈ ಜೀವಿಗಳನ್ನು ಸಾಕುವ ಕ್ರಮ ಹೀಗಿದೆ. ಗಾಳಿಯಾಡುವ ತೊಟ್ಟಿಯಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. 100 ಭಾಗ ಬಿ.ಒ.ಡಿ.ಗೆ 5 ಭಾಗ ಸಾರಜನಕ, 1 ಭಾಗ ರಂಜಕ ಬೇಕು. ಇವು ಸಾಲದ ಕಾರ್ಖಾನೆ ನೀರಿಗೆ ಯೂರಿಯಾ ಮುಂತಾದುವನ್ನು ಸೇರಿಸುವುದುಂಟು. ಬೆಳೆಗೆ ಗೊಬ್ಬರವಿದ್ದಂತೆ ಜೀವಿಗಳಿಗೂ ಗೊಬ್ಬರ! ಬಹಳ ಹೊತ್ತು ವಿದ್ಯುತ್ ನಿಂತರೆ, ಇಲ್ಲವೆ ಆಮ್ಲ, ಕ್ಷಾರ, ಬಿಳುಪು ಮಾಡುವ ರಾಸಾಯನಿಕ ಒಮ್ಮೆಲೇ ತೊಟ್ಟಿಗೆ ಬಂದರೆ, ಇಡೀ ಮಂದೆ ಸತ್ತು ಶುದ್ಧಿ ನಿಂತುಹೋಗುತ್ತದೆ. ಹೊಸದಾಗಿ ಬೆಳೆಸಲು ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಅಷ್ಟು ದಿನ ಹೊರಬರುವ ನೀರು ಹಳ್ಳದ ಮೀನಿಗೂ ಕೆಳಗಿನ ಹೊಲಕ್ಕೂ ಕೇಡು.

ಇನ್ನು ಮಿತಿಯ ಮಾತು. ಈ ಜೀವಿಗಳು ಉಪ್ಪನ್ನು ತಿನ್ನಲಾರವು. ಸೀಸ, ಕ್ರೋಮಿಯಂ, ಕ್ಯಾಡ್ಮಿಯಂನಂಥ ಲೋಹಗಳನ್ನೂ ನಾಶಮಾಡಲಾರವು. ಅವುಗಳಲ್ಲಿ ಬಹುಪಾಲು ಕೆಸರಿಗೆ ಅಂಟಿ ಕೂರುತ್ತವೆ. 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿನ ಸಾಮಾನ್ಯ ಮಿತಿಯಂತೆ ಲೀಟರಿಗೆ ಬಿ.ಒ.ಡಿ. ನದಿಗೆ ಬಿಡುವಾಗ 30 ಮಿಲಿಗ್ರಾಂ, ನೀರಾವರಿಗಾಗಿ ಭೂಮಿಗೆ ಬಿಡುವಾಗ 100 ಮಿಲಿಗ್ರಾಂ ಮೀರಬಾರದು. ಬಿ.ಒ.ಡಿ. ಮಿತಿಯೊಳಗಿದೆ ಎಂದ ಮಾತ್ರಕ್ಕೆ ನೀರಿನಲ್ಲಿ ಉಪ್ಪಿಲ್ಲ, ಲೋಹವಿಲ್ಲ, ರೋಗಾಣುವಿಲ್ಲ ಎಂದಾಗಲಿಲ್ಲ.

ಆದ್ದರಿಂದ ರೈತರು ಈ ಕೆಳಗಿನ ಅಂಶಗಳನ್ನು ಪಾಲಿಸಬೇಕು.

1. ಶುದ್ಧಿಮಾಡಿದ ನೀರನ್ನು ಹಾಯಿಸುವ ಮುನ್ನ ಅದೇ ನೀರಿನಿಂದ ತೊಳೆದ ಶುಚಿಯಾದ ಬಾಟಲಿಯಲ್ಲಿ ಒಂದು ಲೀಟರ್ ಮಾದರಿ ತೆಗೆದು, ತಡಮಾಡದೆ ಪರೀಕ್ಷೆಗೆ ಕಳುಹಿಸಬೇಕು. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಕೇಳಬಹುದು.

2. ಉಪ್ಪಿನ ಅಳತೆಯಾದ ವಿದ್ಯುತ್ ವಾಹಕತೆ ಮೀಟರಿಗೆ 3 ಡೆಸಿಸೀಮೆನ್ಸ್ ಮೀರಿದ್ದರೆ ಸಾಮಾನ್ಯ ಬೆಳೆಗಳಿಗೆ ಆ ನೀರು ತಕ್ಕುದಲ್ಲ.

3. ಹಸಿಯಾಗಿ ತಿನ್ನುವ ಸೊಪ್ಪು, ಸೌತೆ, ಮೂಲಂಗಿಗೆ ಇಂಥ ನೀರು ಬೇಡ. ಮರದ ಬೆಳೆಗಳಿಗೆ ಮೇಲು.

4. ನೀರಿನಲ್ಲಿ ಸಾರಜನಕವಿದ್ದರೆ ಅಷ್ಟರಮಟ್ಟಿಗೆ ಯೂರಿಯಾ ತಗ್ಗಿಸಬೇಕು. ಇಲ್ಲವಾದರೆ ಬತ್ತ ಸೊಕ್ಕಿ ಬೆಳೆದು ಮಲಗುತ್ತದೆ.

5. ಕಾರ್ಖಾನೆಯ ಕೆಸರು ಪುಕ್ಕಟೆ ಸಿಕ್ಕಿತೆಂದು ಹೊಲಕ್ಕೆ ಹಾಕಬಾರದು. ಲೋಹ ಮಣ್ಣಿಗೆ ಸೇರಿದರೆ ಮತ್ತೆ ತೆಗೆಯುವುದು ಬಹು ಕಷ್ಟ.

6. ನೀರು ಕಪ್ಪಾಗಿ ನಾರಿದರೆ, ನೊರೆ ಹೆಚ್ಚಿದರೆ, ಮೀನು ಸತ್ತು ತೇಲಿದರೆ ನೀರು ಹಾಯಿಸುವುದನ್ನು ನಿಲ್ಲಿಸಿ, ದಿನ, ಹೊತ್ತು ಗುರುತು ಹಾಕಿಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ತಿಳಿಸಬೇಕು.

ಕಾಣದ ಈ ಜೀವಿಗಳು ಚೆನ್ನಾಗಿದ್ದರೆ ಬಳಸಿದ ನೀರು ಬೇಸಿಗೆಯಲ್ಲಿ ರೈತನಿಗೆ ಒದಗೀತು. ಅವನ್ನು ಚೆನ್ನಾಗಿ ಸಾಕುವುದು ನೀರು ಬಿಡುವವರ ಹೊಣೆ. ಪರೀಕ್ಷಿಸದ ನೀರನ್ನು ಹೊಲಕ್ಕೆ ಬಿಟ್ಟುಕೊಳ್ಳದಿರುವುದು ರೈತನ ಎಚ್ಚರ.