ಒಡೆದ ಲೋಟ

ನಮ್ಮ ಬೀದಿ ಗುಡಿಸುವ ಅಮ್ಮ ಮೊನ್ನೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದರು. ಯಾರದೋ ಕಸದ ಚೀಲದಲ್ಲಿ ಒಡೆದ ಗಾಜಿನ ಲೋಟ ಇತ್ತಂತೆ. ನಮ್ಮ ಮನೆಯದೇ ಇರಬಹುದು. ಕೇಳುವ ಧೈರ್ಯ ನನಗಾಗಲಿಲ್ಲ.

ನಮ್ಮ ಕೊಳೆ ತೆಗೆಯುವವರ ನೋವು ನಮಗೆ ಕಾಣುವುದೇ ತಡವಾಗಿ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಇದ್ದ ಸೂರೂ ಹೋಗುತ್ತದೆಂಬ ಸಂಕಟದಲ್ಲಿ, ಮಲ ಹೊರುವ ಕುಟುಂಬದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಅಷ್ಟಾದ ಮೇಲೇ ನಾಡು ತಿರುಗಿ ನೋಡಿದ್ದು. 2013ರಲ್ಲಿ ಮಲ ಹೊರುವ ಪದ್ಧತಿಯ ವಿರುದ್ಧ ಕೇಂದ್ರದ ಕಾಯ್ದೆ ಬಂತು. ಅದರ ಪ್ರಕಾರ, ರಕ್ಷಣಾ ಸಾಧನವಿಲ್ಲದೆ ಮ್ಯಾನ್‌ಹೋಲ್‌ಗೆ, ಶೌಚದ ಗುಂಡಿಗೆ ಮನುಷ್ಯರನ್ನು ಇಳಿಸುವುದು ಅಪರಾಧ. ಇದು ನಗರಸಭೆಗೆ ಮಾತ್ರವಲ್ಲ, ನಾಲ್ಕು ಕಾಸು ಉಳಿಸಲು ಆಳನ್ನು ಕರೆಸುವ ಮನೆಯವರಿಗೂ ಅನ್ವಯಿಸುತ್ತದೆ.

ನಿಮ್ಮ ಬೀದಿಯಲ್ಲಿ ಯಾರಾದರೂ ಹಾಗೆ ಇಳಿಯುತ್ತಿದ್ದರೆ ದಯವಿಟ್ಟು ತಡೆಯಿರಿ, ಯಂತ್ರದ ಗಾಡಿ ಕರೆಸಿ. ಗಾಜು ಒಡೆದರೆ ಪೇಪರಿನಲ್ಲಿ ಸುತ್ತಿ, ಗಾಜಿದೆ ಎಂದು ಹೇಳಿ ಕಸ ಒಯ್ಯುವವರ ಕೈಗೆ ಕೊಡಿ.